ಲಿಸ್ಬನ್‌ನಲ್ಲಿ ರೂಮ್ ಎಲ್ಲಿ? ಅಲ್ಫಾಮಾ ಅಥವಾ ಬೈಶಾ

ಲಿಸ್ಬನ್‌ನ ಚೆಲುವೆಲ್ಲ ಗುಡ್ಡದ ಮೇಲಿನ ಹಳೆಯ ಬಡಾವಣೆ ಅಲ್ಫಾಮಾದಲ್ಲಿದೆ. 1755ರ ಭೂಕಂಪದಲ್ಲಿ ನಗರದ ಬಹುಭಾಗ ನೆಲಕ್ಕುರುಳಿತು, ಆದರೆ ಈ ಗುಡ್ಡದ ಹಳೆಯ ಓಣಿಗಳು ಹೆಚ್ಚಾಗಿ ಉಳಿದುಕೊಂಡವು. ಇಲ್ಲಿ ತಂಗಿದರೆ ಊರು, ನದಿ ಕಾಣುವ ಸಾಂಟಾ ಲೂಜಿಯಾ ಕಟ್ಟೆಯಲ್ಲಿ ಬೆಳಗಿನ ಬಿಸಿಲು ಸಿಗುತ್ತದೆ, ರಾತ್ರಿ ಹತ್ತಿರದಲ್ಲೇ ಪೋರ್ಚುಗೀಸರ ಫಾದೊ ಹಾಡು. ಆದರೆ ಎಷ್ಟೋ ಓಣಿಗಳಿಗೆ ಟ್ಯಾಕ್ಸಿ ಬರುವುದಿಲ್ಲ. ಸೂಟ್‌ಕೇಸ್ ಹೊತ್ತು ಮೆಟ್ಟಿಲು ಹತ್ತಬೇಕು. ಮಳೆ ಬಂದರೆ ನುಣುಪಾದ ಕಲ್ಲುಹಾಸು ಜಾರುತ್ತದೆ, ಹಿಡಿತವಿರುವ ಶೂ ಬೇಕೇ ಬೇಕು.

ಗುಡ್ಡದ ಕೆಳಗಿನ ಪೇಟೆ ಬೈಶಾ ಸಮತಟ್ಟು. ಭೂಕಂಪದ ನಂತರ ನೇರ ಬೀದಿಗಳಾಗಿ ಕಟ್ಟಿದ್ದು. ಮೆಟ್ರೊ ಕಾಲಬುಡದಲ್ಲಿ, ಅರಮನೆಗಳ ಊರು ಸಿಂಟ್ರಾಕ್ಕೆ ರೈಲು ಪಕ್ಕದ ರೊಸಿಯೊ ನಿಲ್ದಾಣದಿಂದ. ಜನಜಂಗುಳಿ ಮಾತ್ರ ಜಾಸ್ತಿ.

ಅಪ್ಪ ಅಮ್ಮನ ಜೊತೆ ಹೋಗುವವರಿಗೆ ಬೈಶಾನೇ ಸರಿ. ಅಲ್ಫಾಮಾ ಮೇಲಿನ ಕೋಟೆಯ ಗುಡ್ಡ ಹತ್ತಲು ಬೈಶಾದ ಫಾಂಕೈರುಶ್ ಬೀದಿಯಲ್ಲಿ ಉಚಿತ ಲಿಫ್ಟ್ ಇದೆ. ಸುಮ್ನೆ ಆ ಗುಡ್ಡದತ್ತ ಹೋಗುವ 28ನೇ ಟ್ರಾಮ್‌ಗೆ ಬಿಸಿಲಲ್ಲಿ ಕಾಯಬೇಡಿ, ಅದು ಸದಾ ತುಂಬಿರುತ್ತದೆ. ಅನ್ನ, ಸಾರಿನ ಆಸೆಯಾದರೆ ಮಾರ್ತಿಂ ಮೊನಿಜ್ ಚೌಕದ ಸುತ್ತ ಭಾರತೀಯ ಅಡುಗೆಯ ಹೋಟೆಲುಗಳಿವೆ, ನಡೆದೇ ಹೋಗಬಹುದು.

ಮಂಡಿ ಗಟ್ಟಿಯಿದ್ದು, ಲಗೇಜು ಕಡಿಮೆಯಿದ್ದರೆ? ಕಣ್ಣುಮುಚ್ಚಿ ಅಲ್ಫಾಮಾ ಬುಕ್ ಮಾಡಿ.