ಬೆರಳು, ಕಣ್ಣು, ಮುಖ: ಒಂದು ಪಿಂಕ್ ಕಾರ್ಡಿನ ಮಸ್ಟರಿಂಗ್

ನಮ್ಮ ರೇಶನ್ ಕಾರ್ಡಿನಲ್ಲಿ ಏಳು ಹೆಸರು. ಅಜ್ಜಿ, ಅಮ್ಮ, ಅಣ್ಣ, ಅತ್ತಿಗೆ, ಅವರ ಆರು ವರ್ಷದ ಮಗ, ನಾನು, ಬೆಂಗಳೂರಿನಲ್ಲಿರುವ ತಮ್ಮ. ಕೇರಳದಲ್ಲಿ ಕಾರ್ಡಿಗೊಂದು ಬಣ್ಣ. ನಮ್ಮದು ಬಡ ಕುಟುಂಬಗಳ ಪಿಂಕ್, ಅಂದರೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ. ಇನ್ನೂ ಬಡವರಾದ ಹಳದಿ ಕಾರ್ಡಿನವರಿಗೆ ಮನೆಯಲ್ಲಿ ಎಷ್ಟೇ ಜನ ಇದ್ದರೂ ಕಾರ್ಡಿಗೆ 35 ಕಿಲೋ. ನಮಗೂ ಐದೇಳಲಿ ಮೂವತ್ತೈದೇ. ಆದರೆ ಪಿಂಕ್ ಕಾರ್ಡಿನಲ್ಲಿ ಒಂದು ಹೆಸರು ಬಿದ್ದುಹೋದರೆ 5 ಕಿಲೋ ಕಮ್ಮಿ.

2024ರ ಸೆಪ್ಟೆಂಬರಿನಲ್ಲಿ ಕೇರಳದ ಹಳದಿ, ಪಿಂಕ್ ಕಾರ್ಡಿನವರೆಲ್ಲ ಮಸ್ಟರಿಂಗ್ ಮಾಡಬೇಕೆಂದು ಆದೇಶ ಹೊರಟಿತು. ಕಾಸರಗೋಡು ಜಿಲ್ಲೆಯ ಸರದಿ ಬಂದದ್ದು ಅಕ್ಟೋಬರ್ ಆರಂಭದಲ್ಲಿ. ಗಡಿಯಾಚೆ ವಿಟ್ಲದಲ್ಲಿರುವ ಚಿಕ್ಕಮ್ಮ ಇದನ್ನೇ ಇ-ಕೆವೈಸಿ ಅನ್ನುತ್ತಾರೆ, ಮಂಜೇಶ್ವರದ ನಮಗೆ ಮಸ್ಟರಿಂಗ್. ಕಾರ್ಡಿನಲ್ಲಿ ಹೆಸರಿರುವವರು ಬದುಕಿದ್ದಾರೆ, ಅವರೇ ಇವರು ಅಂತ ಆಧಾರ್ ಮೂಲಕ ತೋರಿಸುವ ಕೆಲಸ. ತೋರಿಸಲು ಮೂರು ದಾರಿ: ರೇಶನ್ ಅಂಗಡಿಯಲ್ಲಿ ಬೆರಳು, ಕ್ಯಾಂಪಿನಲ್ಲಿ ಕಣ್ಣು, ಮೊಬೈಲಿನಲ್ಲಿ ಮುಖ. ಏಳು ಜನರನ್ನು ದಾಟಿಸುವಷ್ಟರಲ್ಲಿ ಮೂರನ್ನೂ ನೋಡಿಯಾಯಿತು.

ಅಂಗಡಿಯಿಂದಲೇ ಶುರು ಮಾಡಿದೆವು. ಬೆರಳಚ್ಚು ನೋಡಿ ರೇಶನ್ ಕೊಡುವ ಇ-ಪೋಸ್ ಮೆಷಿನ್ ಅಲ್ಲಿಗೆ ಬಂದು ಆಗಲೇ ಆರು ವರ್ಷ. ಪ್ರತಿ ತಿಂಗಳೂ ಬೆರಳಿಟ್ಟೇ ಅಕ್ಕಿ ತರುತ್ತೇವಲ್ಲ, ಮತ್ತೆ ಯಾಕೆ ಬೆರಳು ಅಂತ ಅತ್ತಿಗೆ ಕೇಳಿದಳು. ಕೇಳಿದ್ದು ಸರಿಯೇ. ತಿಂಗಳ ಅಕ್ಕಿಗೆ ಮನೆಯ ಒಬ್ಬರ ಬೆರಳು ಸಾಕು, ಅದು ಹಿಡಿಯದಿದ್ದರೆ ಫೋನಿಗೆ ಒಟಿಪಿ ಬರುತ್ತದೆ. ಮಸ್ಟರಿಂಗಿಗೆ ಪ್ರತಿಯೊಬ್ಬರೂ ಖುದ್ದಾಗಿ ನಿಲ್ಲಬೇಕು. ವರ್ಷಗಟ್ಟಲೆ ಅತ್ತಿಗೆಯ ಹೆಬ್ಬೆಟ್ಟಿನಲ್ಲೇ ನಡೆದುಹೋದ ನಮ್ಮ ಮನೆಯಲ್ಲಿ ಉಳಿದವರ ಬೆರಳಿನ ಕಥೆ ಗೊತ್ತಾದದ್ದೇ ಆ ದಿನ.

ಅತ್ತಿಗೆಗೂ ನನಗೂ ಎರಡು ನಿಮಿಷ. ಅಣ್ಣ ಕಲ್ಲು ಕಟ್ಟುವ ಮೇಸ್ತ್ರಿ. ಕೆಂಪುಕಲ್ಲು, ಸಿಮೆಂಟು ಸೇರಿ ಬೆರಳ ತುದಿ ಮರಳುಕಾಗದದ ಹಾಗಾಗಿದೆ. ಅಂಗಡಿಯವರು ಒದ್ದೆ ಬಟ್ಟೆಯಲ್ಲಿ ಒರೆಸಿಸಿದರು, ತಲೆಕೂದಲಿಗೆ ಉಜ್ಜಿ ಇಡಲು ಹೇಳಿದರು. ನಾಲ್ಕನೆಯ ಬೆರಳು ಹಿಡಿಯಿತು. ಅಮ್ಮನದು ಹತ್ತೂ ಹಿಡಿಯಲಿಲ್ಲ. ಮದುವೆಗೆ ಮೊದಲಿನಿಂದ ಬೀಡಿ ಕಟ್ಟುವ ಕೈ. ಎಲೆ ಸುರುಳಿ ಮಾಡಿ ತುದಿ ಮಡಚುವ ಬೆರಳಲ್ಲಿ ಗೆರೆ ಎಲ್ಲಿ ಉಳಿಯುತ್ತದೆ? "ಅಕ್ಕಾ, ಎರಡು ದಿನ ಬೀಡಿ ಮುಟ್ಟದೆ ಬನ್ನಿ" ಅಂದರು ಅಂಗಡಿಯವರು. ಎರಡು ದಿನ ಬಿಟ್ಟರೆ ಬೀಡಿ ತೆಗೆದುಕೊಳ್ಳುವ ಬ್ರಾಂಚಿಗೆ ಏನು ಕೊಡುವುದು ಅಂತ ಅಮ್ಮ. ಆದರೂ ಒಂದು ದಿನ ಬಿಟ್ಟು, ರಾತ್ರಿ ತೆಂಗಿನೆಣ್ಣೆ ಹಚ್ಚಿ ಮಲಗಿ, ಮರುದಿನ ಹೋದಳು. ಹಿಡಿಯಲಿಲ್ಲ.

ಅಂಗಡಿಯ ದಾರಿಯ ಗುಣ ಏನೆಂದರೆ ಅಲ್ಲಿ ಎದುರಿಗೆ ಒಬ್ಬ ಮನುಷ್ಯ ಇರುತ್ತಾನೆ. ಯಾವ ಬೆರಳು ಹಿಡಿದೀತು, ಯಾವಾಗ ಬಂದರೆ ಸಾಲು ಕಮ್ಮಿ ಅನ್ನುವುದು ಅವರಿಗೆ ಗೊತ್ತು. ಕಾಸೂ ಇಲ್ಲ. ಬೆಳಗ್ಗೆ ಅಕ್ಕಿಗೆ ಬಂದವರು, ಮಸ್ಟರಿಂಗಿಗೆ ಬಂದವರು ಒಂದೇ ಮೆಷಿನ್ ಮುಂದೆ ಸೇರುವುದರಿಂದ ನಾನು ಸಂಜೆಯೇ ಹೋಗು ಅನ್ನುತ್ತೇನೆ. ಅದೇ ವರ್ಷ ಮಾರ್ಚಿನಲ್ಲಿ ರಾಜ್ಯವಿಡೀ ಮಸ್ಟರಿಂಗ್ ಮಾಡಲು ಹೋಗಿ ಸರ್ವರ್ ತಡೆಯದೆ ನಿಲ್ಲಿಸಿದ್ದು ಯಾರಿಗೂ ಮರೆತಿರಲಿಲ್ಲ.

ತಮ್ಮನದೂ ಅಂಗಡಿಯಲ್ಲೇ ಆಯಿತು, ಆದರೆ ನಮ್ಮ ಅಂಗಡಿಯಲ್ಲಲ್ಲ. ಬೆಂಗಳೂರಿನಲ್ಲಿ ತನ್ನ ಕೋಣೆಯ ಹತ್ತಿರದ ಅಂಗಡಿಗೆ ಹೋಗಿ ಕೇಳಿದ್ದ. ಕಾರ್ಡಿನ ಬಣ್ಣ ನೋಡಿಯೇ ಇದು ನಮ್ಮದಲ್ಲ ಅಂತ ಕಳಿಸಿದರಂತೆ. ದೀಪಾವಳಿಗೆ ಬರುವಾಗ ಮಂಜೇಶ್ವರ ಸ್ಟೇಷನಿನಲ್ಲಿ ಇಳಿದವನು ಹೊಸಂಗಡಿಯ ಅಂಗಡಿಯೊಂದರಲ್ಲಿ ಬ್ಯಾಗು ಹೆಗಲಲ್ಲಿರುವಾಗಲೇ ಬೆರಳಿಟ್ಟು ಮನೆಗೆ ಬಂದ. ಕೇರಳದೊಳಗೆ ಯಾವ ರೇಶನ್ ಅಂಗಡಿಯಾದರೂ ಆಗುತ್ತದೆ. ಇದು ಗೊತ್ತಿಲ್ಲದೆ ಊರಿನ ಅಂಗಡಿ ಬಾಗಿಲು ತೆರೆಯಲೆಂದು ರಜೆ ಉದ್ದ ಮಾಡಿದವರು ನಮ್ಮ ಬೈಲಿನಲ್ಲೇ ಇದ್ದಾರೆ.

ನವೆಂಬರಿನಲ್ಲಿ ಮುಖ ತೋರಿಸುವ ಆ್ಯಪ್ ಬಂತು, ಹೆಸರು ಮೇರಾ ಇ-ಕೆವೈಸಿ. ಜೊತೆಗೆ ಆಧಾರ್ ಫೇಸ್ ಆರ್‌ಡಿ ಅನ್ನುವ ಇನ್ನೊಂದನ್ನೂ ಇಳಿಸಿಕೊಳ್ಳಬೇಕು. ಈ ಎರಡನೆಯದರ ಚಿತ್ರ ಪರದೆಯ ಮೇಲೆ ಎಲ್ಲೂ ಕಾಣುವುದಿಲ್ಲ, ಒಳಗೊಳಗೇ ಕೆಲಸ ಮಾಡುತ್ತದೆ. ನಾನು ಮೂರು ಸಲ ಅಳಿಸಿ ಮೂರು ಸಲ ಹಾಕಿಕೊಂಡೆ, ಬಂದಿಲ್ಲ ಅಂತ. ರಾಜ್ಯ ಆರಿಸಿ, ಆಧಾರ್ ನಂಬರ್ ಕೊಟ್ಟರೆ ಒಟಿಪಿ. ಆಮೇಲೆ ಕ್ಯಾಮೆರಾ ತೆರೆದು ಒಂದು ವೃತ್ತ. ಮುಖ ಅದರೊಳಗೆ ಕೂತು, ಕಣ್ಣು ಮಿಟುಕಿಸಿದರೆ ಆಯಿತು.

ಬೆರಳು ಸವೆದವರಿಗೆ ಇದೇ ಅಂತ ಖುಷಿಯಿಂದ ಅಮ್ಮನನ್ನು ಕೂರಿಸಿದೆ. ಒಟಿಪಿ ಬರಲೇ ಇಲ್ಲ. ಅದು ಹೋಗುವುದು ಆಧಾರಿಗೆ ಜೋಡಿಸಿದ ನಂಬರಿಗೆ. ಅಮ್ಮನ ಆ ಸಿಮ್ ರೀಚಾರ್ಜ್ ಇಲ್ಲದೆ ಸತ್ತು ಎಷ್ಟೋ ಕಾಲವಾಗಿತ್ತು. ಆ್ಯಪಿನ ಬಗ್ಗೆ ನನ್ನ ದೂರು ಇಷ್ಟೇ: ಬೆರಳಿಲ್ಲದವರ ಮುಖ ನೋಡುತ್ತೇನೆ ಅನ್ನುವ ಅದು ಮೊದಲು ನೋಡುವುದು ಫೋನ್ ನಂಬರನ್ನು. ನಮ್ಮ ಕಡೆ ಬೆರಳು ಸವೆದವರೂ ನಂಬರ್ ಕಳೆದುಕೊಂಡವರೂ ಹೆಚ್ಚಾಗಿ ಒಬ್ಬರೇ. ನಂಬರ್ ಜೋಡಿಸಲು ಆಧಾರ್ ಕೇಂದ್ರಕ್ಕೆ ಹೋಗಬೇಕು, ಆಗ 50 ರೂಪಾಯಿ ಇತ್ತು, ಜೊತೆಗೆ ಬಸ್ಸಿನ ಖರ್ಚು, ಒಂದು ದಿನದ ಬೀಡಿ.

ಅಷ್ಟರಲ್ಲಿ ಕಣ್ಣಿನ ಪಾಪೆ ನೋಡುವ ಐರಿಸ್ ಕ್ಯಾಂಪ್ ಇದೆ ಅಂತ ಅಂಗಡಿಯವರೇ ಫೋನ್ ಮಾಡಿದರು. ಪಂಚಾಯತಿನ ಹಾಲ್, ಒಂದು ಮೇಜು, ದುರ್ಬೀನಿನ ಹಾಗಿನ ಒಂದು ಯಂತ್ರ. ಅಮ್ಮ ಕನ್ನಡಕ ತೆಗೆದು ಇಣುಕಿದಳು. ನಾನು ಚೀಲದಿಂದ ಆಧಾರ್ ಜೆರಾಕ್ಸ್ ತೆಗೆಯುವಷ್ಟರಲ್ಲಿ "ಆಯ್ತಮ್ಮಾ, ಏಳಿ". ಎಣ್ಣೆ ಹಚ್ಚಿ ಮಲಗಿದ ರಾತ್ರಿ ನೆನಪಾಗಿ ಅಮ್ಮನಿಗೆ ಸಿಟ್ಟೇ ಬಂತು, ಇದನ್ನು ಮೊದಲೇ ತರಬಾರದಿತ್ತಾ ಅಂತ. ಮೂರು ದಾರಿಯಲ್ಲಿ ಅತ್ಯಂತ ಚೊಕ್ಕದ್ದು ಇದೇ. ಫೋನ್ ಬೇಡ, ಬೆರಳು ಬೇಡ. ಆದರೆ ಅದು ಇದ್ದಾಗ ಮಾತ್ರ ಇರುತ್ತದೆ. ದಿನ ತಪ್ಪಿದರೆ ಮುಂದಿನದು ಎಲ್ಲೋ, ಯಾವಾಗಲೋ. ತಿಳಿಸುವ ಮೆಸೇಜು ಮಲಯಾಳದಲ್ಲಿ ಬರುವುದರಿಂದ ನಮ್ಮಲ್ಲಿ ಕನ್ನಡ ಮಾತ್ರ ಓದುವ ಹಿರಿಯರಿಗೆ ಅಕ್ಕಪಕ್ಕದವರೇ ಹೇಳಬೇಕು. ಅಂಗಡಿಯವರ ಹತ್ತಿರ ನಂಬರ್ ಕೊಟ್ಟಿಟ್ಟದ್ದು ನಾವು ಮಾಡಿದ ಒಂದೇ ಜಾಣತನ.

ಅಜ್ಜಿ ಹಾಸಿಗೆ ಬಿಟ್ಟು ಏಳುವುದಿಲ್ಲ. ಏಳಲಾಗದವರ ಮನೆಗೆ ಮೆಷಿನ್ ತರುವ ಕ್ರಮವಿದೆ. ಅಂಗಡಿಯವರು ಮಧ್ಯಾಹ್ನ ಬಾಗಿಲು ಹಾಕಿದ ಮೇಲೆ ಬೈಕಿನಲ್ಲಿ ಬಂದರು. ಅಜ್ಜಿ ಅವರಿಗೆ ಮಜ್ಜಿಗೆ ಕೊಡಿಸಿ, ಯಾರ ಮಗ ಅಂತ ವಿಚಾರಿಸಿ, ಕೈ ಚಾಚಿದಳು. ಚರ್ಮ ಕಾಗದದ ಹಾಗೆ ಜಾರುತ್ತಿತ್ತು, ಒಂದು ಬೆರಳೂ ಹಿಡಿಯಲಿಲ್ಲ. ಅವಳ ಆಧಾರಿಗೆ ಪೆನ್ಶನ್ನಿನ ಸಲುವಾಗಿ ಹಿಂದೆಯೇ ನನ್ನ ನಂಬರ್ ಜೋಡಿಸಿತ್ತು, ಹಾಗಾಗಿ ಆ್ಯಪ್ ತೆರೆದೆ. ಒಳಕೋಣೆಯ ಬೆಳಕು ಸಾಲದೆ ಮಂಚವನ್ನೇ ಕಿಟಕಿಯ ಬುಡಕ್ಕೆ ಎಳೆದೆವು. "ಅಜ್ಜೀ, ಒಮ್ಮೆ ಕಣ್ಣು ಮುಚ್ಚಿ ತೆಗಿ" ಅಂದರೆ ಮುಚ್ಚಿದವಳು ತೆಗೆಯಲಿಲ್ಲ, ಪ್ರಾರ್ಥನೆ ಅಂದುಕೊಂಡಿದ್ದಳು. ಎರಡನೆಯ ಸಲ ನಕ್ಕುಬಿಟ್ಟಳು. ನಾಲ್ಕನೆಯ ಸಲಕ್ಕೆ ವೃತ್ತ ಹಸಿರಾಯಿತು. ಇಂಥವರಿಗೆ ಆ್ಯಪಿನಷ್ಟು ಉಪಕಾರ ಇನ್ನೊಂದಿಲ್ಲ ಅಂತ ಆ ದಿನ ಒಪ್ಪಿಕೊಂಡೆ, ದೂರು ಹಾಗೇ ಇಟ್ಟುಕೊಂಡು.

ಪುಟ್ಟನ ವಿಷಯದಲ್ಲಿ ಮೂರು ದಾರಿಯೂ ಒಂದೇ: ಆಗುವುದಿಲ್ಲ. ಅವನದು ಹುಟ್ಟಿದಾಗ ಮಾಡಿಸಿದ ಆಧಾರ್, ಅದರಲ್ಲಿ ಬೆರಳೂ ಇಲ್ಲ, ಕಣ್ಣೂ ಇಲ್ಲ. ಐದು ತುಂಬಿದ ಮೇಲೆ ಆಧಾರ್ ಕೇಂದ್ರದಲ್ಲಿ ಅವನ್ನು ಸೇರಿಸಬೇಕು. ಏಳರೊಳಗೆ ಮಾಡಿದರೆ ಪುಕ್ಕಟೆ. ಇದನ್ನು ಮಾಡಿಸದೆ ಅಂಗಡಿಯಲ್ಲಿ ಎರಡು ಸಂಜೆ ಸುಮ್ಮನೆ ನಿಂತೆವು. ಚಿಕ್ಕ ಮಕ್ಕಳಿರುವವರು ಮೊದಲು ಅಲ್ಲಿಗೇ ಹೋಗಿ.

ಎಲ್ಲ ಮುಗಿಯಿತು ಅಂದುಕೊಂಡು ಇ-ಪೋಸ್ ಜಾಲತಾಣದಲ್ಲಿ ಕಾರ್ಡ್ ನಂಬರ್ ಹಾಕಿ ನೋಡಿದರೆ, ಮೊದಲ ದಿನವೇ ಎರಡು ನಿಮಿಷದಲ್ಲಿ ಮುಗಿಸಿದ್ದ ಅತ್ತಿಗೆಯದೇ ಆಗಿಲ್ಲ. ಕಾರ್ಡಿನ ಹೆಸರೂ ಆಧಾರಿನ ಹೆಸರೂ ಹೊಂದುವುದಿಲ್ಲವಂತೆ. ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ ಅಲ್ಲಿಂದ ಇಂಗ್ಲಿಷಿಗೆ ಬರುವಾಗ ದೀರ್ಘ ಒಂದು ಕಡೆ ಬಿದ್ದು, ಮನೆತನದ ಹೆಸರು ಇನ್ನೊಂದು ಕಡೆ ಸೇರಿಕೊಂಡಿತ್ತು. ಕಾಸರಗೋಡಿನ ಕನ್ನಡಿಗರಿಗೆ ಇದು ಹೊಸತಲ್ಲ ಬಿಡಿ. ತಿದ್ದಿಸಲು ಸರ್ಕಾರಿ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಬಹುದು, ಅಲ್ಲಿ ಸೇವಾಶುಲ್ಕ. ಆದರೆ ಆ ವರ್ಷ ನವೆಂಬರ್ 15ರಿಂದ ಡಿಸೆಂಬರ್ 15ರ ತನಕ ‘ತೆಳಿಮ’ ಅನ್ನುವ ಯೋಜನೆಯಲ್ಲಿ ಪ್ರತಿ ರೇಶನ್ ಅಂಗಡಿಯಲ್ಲೂ ಒಂದು ಪೆಟ್ಟಿಗೆ ಇಟ್ಟಿದ್ದರು. ತಪ್ಪು ಏನೆಂದು ಬರೆದು, ಆಧಾರ್ ಪ್ರತಿ ಸೇರಿಸಿ ಹಾಕಿದರೆ ಸಾಕು. ನಾವು ಹಾಕಿದೆವು. ಅಕ್ಷಯದಲ್ಲಾದರೆ ಕೈಗೆ ರಶೀದಿ ಸಿಗುತ್ತದೆ, ಪೆಟ್ಟಿಗೆಗೆ ಹಾಕಿದ ಕಾಗದದ ಗತಿ ತಿಳಿಯಲು ಕಾಯಬೇಕು. ಅವಸರ ಇದ್ದವರು ಕಾಸು ಕೊಟ್ಟು ರಶೀದಿ ತೆಗೆದುಕೊಳ್ಳುವುದೇ ವಾಸಿ. ನಮ್ಮದು ತಡವಾಗಿಯಾದರೂ ಸರಿಯಾಯಿತು. ಕೊನೆಯ ದಿನ ಮತ್ತೆ ಮತ್ತೆ ಮುಂದೆ ಹೋದದ್ದರಿಂದ ಅಕ್ಕಿ ತಪ್ಪಲಿಲ್ಲ.

ಅಂಗಡಿಯವರು "ಆಯ್ತು" ಅಂದರೂ, ಮೆಷಿನ್ ಚೀಟಿ ಕೊಟ್ಟರೂ, ವಾರ ಬಿಟ್ಟು ಪ್ರತಿಯೊಬ್ಬರ ಹೆಸರಿನ ಎದುರು ಏನಿದೆ ಅಂತ ನೋಡಲೇಬೇಕು ಅನ್ನುವುದು ಅತ್ತಿಗೆಯಿಂದ ಕಲಿತದ್ದು.

2025ರ ಜುಲೈಯಲ್ಲಿ ಕೇಂದ್ರ ಸರ್ಕಾರ ಪಡಿತರದ ಆದೇಶಕ್ಕೆ ತಿದ್ದುಪಡಿ ತಂದು, ಈ ಇ-ಕೆವೈಸಿಯನ್ನು 5 ವರ್ಷಕ್ಕೊಮ್ಮೆ ಕಡ್ಡಾಯ ಮಾಡಿದೆ. ಸುದ್ದಿ ಓದಿ ಹೇಳಿದಾಗ ಅಮ್ಮ ಮೊರದಿಂದ ತಲೆ ಎತ್ತದೆ, "ಆಗ ಆ ಕಣ್ಣಿನ ಮೆಷಿನ್ ಬರ್ತದಾ ಕೇಳು" ಅಂದಳು. ಬರುತ್ತದೋ ಇಲ್ಲವೋ ಅಂತ ಮುಂದಿನ ವಾರವೇ ಅವಳನ್ನು ಕರೆದುಕೊಂಡು ಹೋಗಿ ಆಧಾರಿಗೆ ನನ್ನ ನಂಬರ್ ಜೋಡಿಸಿಕೊಂಡು ಬಂದೆ.