ಎಕ್ಸ್‌ರೇ ಒಂದನ್ನೇ ನೋಡಿ ಟಿಬಿ ಗುಳಿಗೆ ಕೊಟ್ಟರೆ, ಮೊದಲು ಕಫ ಪರೀಕ್ಷೆ ಕೇಳಿ

ನಮ್ಮಪ್ಪ ಸಿಂಧನೂರಿನ ಅಕ್ಕಿ ಮಿಲ್ಲಿನಲ್ಲಿ ಹಮಾಲಿ. ದಿನವಿಡೀ ಹೊಟ್ಟಿನ ಧೂಳು, ಅದರ ಮೇಲೆ ಬೀಡಿ. ಕಳೆದ ಚಳಿಗಾಲದಲ್ಲಿ ಹಿಡಿದ ಕೆಮ್ಮು ಮೂರು ವಾರವಾದರೂ ಬಿಡಲಿಲ್ಲ. ಒಂದು ಖಾಸಗಿ ದವಾಖಾನೆಗೆ ಹೋದೆವು. ಡಾಕ್ಟ್ರು ಎಕ್ಸ್‌ರೇ ತೆಗೆಸಿ, ಬಲಗಡೆ ಮೇಲಿದ್ದ ಬಿಳಿ ಕಲೆ ತೋರಿಸಿ "ಟಿಬಿ ರೀ" ಅಂದರು. ಎರಡು ನಿಮಿಷವೂ ಆಗಿರಲಿಲ್ಲ. ಅಪ್ಪನಿಗೆ 1998ರಲ್ಲೂ ಟಿಬಿ ಆಗಿತ್ತು, ಪೂರ್ತಿ ಗುಳಿಗೆ ತಗೊಂಡು ವಾಸಿಯಾಗಿತ್ತು ಅಂತ ನಾನೇ ಹೇಳಿದೆ. "ಹಂಗಾದ್ರ ಮತ್ತ ಬಂದೈತಿ ಬಿಡ್ರಿ." ಕಫ ಪರೀಕ್ಷೆಯ ಮಾತೇ ಬರಲಿಲ್ಲ. ನಾನೂ ಕೇಳಲಿಲ್ಲ.

ಒಂದು ತಿಂಗಳು ಗುಳಿಗೆ ನುಂಗಿದರೂ ಕೆಮ್ಮು ಹಾಗೇ ಇತ್ತು. ಐದನೇ ವಾರಕ್ಕೆ ಊಟ ಸೇರದಾಯಿತು, ವಾಂತಿ ಶುರುವಾಯಿತು, ಕಣ್ಣು ಅರಿಶಿನದ ಹಾಗಾಯಿತು. ಓಣಿಯವರು ಕಾಮಣಿಗೆ ನಾಟಿ ಔಷಧಿ ಹೇಳಿದರು. ಪುಣ್ಯಕ್ಕೆ ಅದನ್ನು ಬಿಟ್ಟು ರಾಯಚೂರಿನ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಅಲ್ಲಿ ಮೊದಲು ಗುಳಿಗೆ ನಿಲ್ಲಿಸಿದರು. ಅದರಲ್ಲಿದ್ದ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಲಿವರ್‌ಗೆ ಪೆಟ್ಟು ಕೊಡಬಹುದಂತೆ. ಆಮೇಲೆ ಕೇಳಿದ್ದು, "ಹಳೇ ಫಿಲ್ಮ್ ಐತೇನ್ರಿ?"

ಇತ್ತು! 1998ರ ಟಿಬಿಗೆ ಗುಳಿಗೆ ಮುಗಿದ ಮೇಲೆ ತೆಗೆಸಿದ್ದು. 2019ರ ಡಿಸೆಂಬರ್‌ನ ಸೂರ್ಯಗ್ರಹಣ ನೋಡೋಕೆ ಅಂತ ತಮ್ಮ ಅದನ್ನು ಎತ್ತಿಟ್ಟಿದ್ದ. (ಹಾಗೆ ನೋಡಿದರೆ ಕಣ್ಣು ಹಾಳಾಗುತ್ತದೆ, ಅದು ಬೇರೆ ಮಾತು.) ಎರಡನ್ನೂ ಪಕ್ಕಪಕ್ಕ ಹಿಡಿದರು. ಅದೇ ಜಾಗ, ಅದೇ ಗಾತ್ರ. ಅದು ಮಾಯ್ದ ಗಾಯದ ಗುರುತು, ಅಷ್ಟೇ. ಕಫವನ್ನು ಸಿಬಿನಾಟ್ ಯಂತ್ರಕ್ಕೆ ಹಾಕಿದರು, ಟಿಬಿ ರೋಗಾಣು ಸಿಗಲಿಲ್ಲ. "ಗುಳಿಗೆ ಶುರು ಮಾಡೋಕೂ ಮೊದ್ಲೇ ಮಾಡಿಸಿದ್ರೆ ಇಷ್ಟು ಗೊಂದಲ ಇರ್ತಿರಲಿಲ್ಲ" ಅಂದರು. ಯಂತ್ರದಲ್ಲಿ ಊದಿಸಿ ನೋಡಿದಾಗ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಕೆಮ್ಮು, ದಮ್ಮು ತರುವ ದೀರ್ಘಕಾಲದ ಕಾಯಿಲೆ ಅಂತ ಗೊತ್ತಾಯಿತು. ಬೀಡಿ, ಧೂಳಿನ ಕೊಡುಗೆ.

ಎಕ್ಸ್‌ರೇ ಬೇಡ ಅಂತ ನಾನು ಹೇಳ್ತಿಲ್ಲ. ಅನುಮಾನ ಹುಟ್ಟಿಸೋಕೆ ಅದು ಬೇಕೇ ಬೇಕು. ಆದರೆ ಫಿಲ್ಮಿನಲ್ಲಿ ಕಾಣೋದು ನೆರಳು, ರೋಗಾಣು ಅಲ್ಲ. ನ್ಯುಮೋನಿಯಾ, ಕ್ಯಾನ್ಸರ್, ಕಲ್ಲು ಒಡೆಯುವವರಿಗೆ ಬರುವ ಸಿಲಿಕೋಸಿಸ್ ಎಲ್ಲವೂ ನೆರಳೇ. ಸಿಬಿನಾಟ್, ಅದರಂಥದ್ದೇ ಆದ ಟ್ರೂನಾಟ್ ಪರೀಕ್ಷೆ ಸರ್ಕಾರಿ ವ್ಯವಸ್ಥೆಯಲ್ಲಿ ಪುಕ್ಕಟೆ. ರಿಫಾಂಪಿಸಿನ್‌ಗೆ ರೋಗಾಣು ಬಗ್ಗುತ್ತದೋ ಇಲ್ಲವೋ ಅನ್ನೋದೂ ಅದರಲ್ಲೇ ತಿಳಿಯುತ್ತದೆ. ಕೆಲವರಿಗೆ ಕಫದಲ್ಲಿ ಸಿಗದಿದ್ದರೂ ಟಿಬಿ ಇರಬಹುದು, ಆಗ ಎಲ್ಲ ನೋಡಿ ಡಾಕ್ಟ್ರು ತೀರ್ಮಾನಿಸಲಿ. ಇದನ್ನು ಓದಿ ನೀವಾಗಿಯೇ ಗುಳಿಗೆ ಬಿಡಬೇಡಿ ಮಾತ್ರ.

ಈಗ ಎರಡೂ ಫಿಲ್ಮ್ ಅವ್ವನ ಟ್ರಂಕಿನಲ್ಲಿವೆ. ಗ್ರಹಣಕ್ಕೂ ಕೊಡೋದಿಲ್ಲ ಅಂತಾಳೆ.