ಸಿಂಧನೂರಿನ ಪಶು ಔಷಧ ಅಂಗಡಿ: ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಕೊಡುವುದಿಲ್ಲ, ಅದಕ್ಕೇ ಇಲ್ಲಿಗೆ ಹೋಗಿ

ಈ ಅಂಗಡಿಗೆ ಒಂದೇ ಸ್ಟಾರ್ ಕೊಟ್ಟವರ ದೂರುಗಳನ್ನು ಓದಿದೆ. ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಮಾತು. ಡಾಕ್ಟರ್ ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಕೊಡುವುದಿಲ್ಲ, ಮಸ್ಕಿ, ತುರ್ವಿಹಾಳದಿಂದ ಬಂದವರನ್ನೂ ಬರಿಗೈಲಿ ಕಳಿಸುತ್ತಾರೆ ಅಂತ. ಹೌದು, ಕಳಿಸುತ್ತಾರೆ. ನಾನು ನಾಲ್ಕು ಸ್ಟಾರ್ ಕೊಡುತ್ತಿರುವುದು ಮುಖ್ಯವಾಗಿ ಅದಕ್ಕೇ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಆಕಳು ಎಮ್ಮೆ ಇಟ್ಟುಕೊಂಡವರು ಪೂರ್ತಿ ಓದಿ.

ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಆಕಳು ಈದಾಗ ಕಸ, ಅಂದರೆ ಮಾಸು, ಬೀಳುವುದು ತಡವಾಯಿತು. ಊರಿಗೆ ಬಂದು ಹೋಗುವ ಒಬ್ಬರು ಕೈ ಹಾಕಿ ಎಳೆದು ತೆಗೆದರು, ಗರ್ಭಕೋಶದೊಳಗೆ ಗುಳಿಗೆ ಇಟ್ಟರು, ಮೇಲೊಂದು ಸೂಜಿ ಹಾಕಿದರು. ಜ್ವರ ಇಳಿಯಿತು, ಹಾಲೂ ಏರಿತು. ಆದರೆ ಬೆದೆಗೆ ಬಂದಾಗ ಗಾಜಿನಂತೆ ತಿಳಿಯಾಗಿರಬೇಕಾದ ಲೋಳೆಯಲ್ಲಿ ಬಿಳಿ ಬಿಳಿ ಕೀವಿನ ಎಳೆಗಳು. ಅದಕ್ಕೆ ಇನ್ನೊಂದು ಔಷಧ ಒಳಗೆ ಬಿಟ್ಟರು. ಮುಂದಿನ ಬೆದೆಗೆ ಮತ್ತೊಂದು. ಪ್ರತಿ ಸಲ ಬಾಟಲಿಯ ಹೆಸರು ಬೇರೆ, ಒಂದನ್ನೂ ಹೇಳಿದಷ್ಟು ದಿನ ಪೂರ್ತಿ ಹಾಕಲಿಲ್ಲ, ಕೀವಿನಲ್ಲಿ ಯಾವ ರೋಗಾಣು ಇದೆ ಅಂತ ಯಾರೂ ನೋಡಲೂ ಇಲ್ಲ. ಗಬ್ಬ ನಿಲ್ಲಲಿಲ್ಲ. ಭತ್ತದ ಹುಲ್ಲು ಮನೆಯದೇ ಆದರೂ ಹಿಂಡಿ, ಬೂಸಾ ದುಡ್ಡು ಕೊಟ್ಟು ತರಬೇಕಲ್ವಾ. ಮಾರಿಬಿಡೋಣ ಅನ್ನುವ ಮಾತು ಮನೆಯಲ್ಲಿ ಶುರುವಾಗಿತ್ತು.

ಆಗ ಈ ಅಂಗಡಿಗೆ ಹೋಗಿದ್ದು. ಔಷಧದ ಹೆಸರು ಹೇಳಿದರೆ ಮಾಲೀಕರು ಕಪಾಟಿನ ಕಡೆ ತಿರುಗಲೇ ಇಲ್ಲ, ಕೇಳುತ್ತಲೇ ಹೋದರು. "ಯಾವಾಗ ಈದೈತಿ ಅಕ್ಕಾರ? ಕಸ ತಾನ ಬಿದ್ದಿತ್ತೇನು, ಕೈ ಹಾಕಿ ತೆಗೆಸಿದ್ರೇನು? ಇಲ್ಲಿತನಕ ಏನೇನ್ ಹಾಕ್ಯಾರ, ಚೀಟಿ ಅದಾವೇನು?" ಎಲ್ಲ ಕೇಳಿದ ಮೇಲೆ, "ಇನ್ನೊಂದು ಬಾಟ್ಲಿ ಕೊಟ್ರ ನನಗ ವ್ಯಾಪಾರ ಆಗ್ತೈತಿ, ನಿಮ್ಮ ಆಕಳಿಗೆ ಏನೂ ಆಗಂಗಿಲ್ಲ. ಮೊದಲ ಕೀವು ಟೆಸ್ಟ್ ಮಾಡಿಸ್ರಿ" ಅಂದರು. ಸ್ವಚ್ಛ ಮಾಡಿ ಮುಚ್ಚಿದ ಟ್ಯೂಬ್ ಕೊಟ್ಟರು. ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಹತ್ತಿರವೇ ಸ್ಯಾಂಪಲ್ ತೆಗೆಸಿ, ಹೊರಗಿನ ಸಗಣಿ ತಾಕಬಾರದು, ಹೊಸ ಆ್ಯಂಟಿಬಯಾಟಿಕ್ ಹಾಕುವ ಮೊದಲೇ ತೆಗೆಯಬೇಕು, ಐಸ್ ಇಟ್ಟು ತಡಮಾಡದೆ ತನ್ನಿ ಅಂತ ಒಂದೊಂದೂ ಬಿಡಿಸಿ ಹೇಳಿದರು. ಪ್ರಯೋಗಾಲಯಕ್ಕೆ ಕಳಿಸುವ ಕೆಲಸ ಅವರೇ ನೋಡಿಕೊಂಡರು.

ಈ ಟೆಸ್ಟ್ ಹೇಗೆ ಮಾಡುತ್ತಾರೆ ಅಂತ ತುಂಬಾ ಜನಕ್ಕೆ ಗೊತ್ತಿಲ್ಲ. ಕೀವಿನಲ್ಲಿರುವ ಬ್ಯಾಕ್ಟೀರಿಯಾವನ್ನು ಮೊದಲು ತಟ್ಟೆಯಲ್ಲಿ ಬೆಳೆಸುತ್ತಾರೆ. ಆಮೇಲೆ ಅದನ್ನು ಇನ್ನೊಂದು ತಟ್ಟೆಯ ತುಂಬ ಸವರಿ, ಬೇರೆ ಬೇರೆ ಔಷಧ ಹಚ್ಚಿದ ಸಣ್ಣ ಸಣ್ಣ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಒಂದು ರಾತ್ರಿ ಬೆಚ್ಚಗೆ ಇಟ್ಟು ನೋಡಿದರೆ, ಕೆಲಸ ಮಾಡುವ ಔಷಧದ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ಉಂಗುರ ಕಾಣುತ್ತದೆ. ಅದನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಬಿಲ್ಲೆಯ ಅಂಚಿನವರೆಗೂ ಬೆಳೆದಿದ್ದರೆ ಆ ಔಷಧ ಅದಕ್ಕೆ ಏನೂ ಮಾಡಿಲ್ಲ ಅಂತ ಅರ್ಥ. ನಮ್ಮ ವರದಿಯಲ್ಲಿ ಬಂದದ್ದು ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ. ಆಂಪಿಸಿಲಿನ್, ಆಕ್ಸಿಟೆಟ್ರಾಸೈಕ್ಲಿನ್, ಎನ್ರೋಫ್ಲಾಕ್ಸಾಸಿನ್ ಮೂರರ ಮುಂದೆಯೂ 'ಆರ್', ಅಂದರೆ ಬಗ್ಗುವುದಿಲ್ಲ. ಈ ಮೂರರಲ್ಲಿ ಎರಡನ್ನು ನಮ್ಮ ಆಕಳಿಗೆ ಆಗಲೇ ಹಾಕಿದ್ದರು!

ಜೆಂಟಾಮೈಸಿನ್ ಮುಂದೆ 'ಎಸ್' ಇತ್ತು, ಅಂದರೆ ಬಗ್ಗುತ್ತದೆ. ಸರಿ, ಅದನ್ನೇ ಹಾಕಿಸೋಣ ಅಂದರೆ ಡಾಕ್ಟರ್ ಬೇಡ ಅಂದರು. ಆ ಜಾತಿಯ ಔಷಧ ಬ್ಯಾಕ್ಟೀರಿಯಾದ ಒಳಗೆ ಹೋಗಲು ಆಮ್ಲಜನಕ ಬೇಕು, ಕೀವು ತುಂಬಿದ ಗರ್ಭಕೋಶದಲ್ಲಿ ಆಮ್ಲಜನಕ ತೀರಾ ಕಡಿಮೆ, ಹಾಗಾಗಿ ತಟ್ಟೆಯಲ್ಲಿ ಗೆದ್ದ ಔಷಧ ಒಳಗೆ ಸೋಲುತ್ತದೆ. ಹೀಗಾಗಿ ಕೈಯಲ್ಲಿ ವರದಿ ಇದೆ ಅಂತ ನಾವೇ ಔಷಧ ಆರಿಸುವ ಹಾಗಿಲ್ಲ. ಅವರು ಆಕಳು ಗಬ್ಬ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಅಂಡಾಶಯ ನೋಡಿ, ಪ್ರೋಸ್ಟಾಗ್ಲಾಂಡಿನ್ ಸೂಜಿ ಬರೆದರು. ಇದು ಆ್ಯಂಟಿಬಯಾಟಿಕ್ ಅಲ್ಲವೇ ಅಲ್ಲ, ಹಾರ್ಮೋನು. ಅಂಡಾಶಯದಲ್ಲಿ ಬೆದೆ ಬರದಂತೆ ತಡೆಯುವ ಹಳದಿ ಗಂಟು ಇದ್ದರೆ ಅದನ್ನು ಕರಗಿಸಿ ಬೆದೆ ತರಿಸುತ್ತದೆ, ಗರ್ಭಕೋಶದ ಬಾಯಿ ತೆರೆಯುತ್ತದೆ, ಕೀವು ಹೊರಗೆ ಹೋಗುತ್ತದೆ, ಆ ಹೊತ್ತಿನಲ್ಲಿ ಆಕಳ ಸ್ವಂತ ರೋಗನಿರೋಧಕ ಶಕ್ತಿಯೂ ಚುರುಕಾಗಿರುತ್ತದೆ. ಗಬ್ಬದ ದನಕ್ಕೆ ಇದನ್ನು ಹಾಕಿದರೆ ಗರ್ಭ ಹೋಗುತ್ತದೆ, ಅದಕ್ಕೇ ಅಷ್ಟು ತಪಾಸಣೆ. ಅಂಗಡಿಯವರು ಆ ಸೀಸೆ ಕೊಡುವಾಗ, ಗರ್ಭಿಣಿಯರು ಮತ್ತು ಉಬ್ಬಸ ಇರುವವರು ಇದನ್ನು ಮುಟ್ಟಬಾರದು, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ ಅಂತ ಎಚ್ಚರಿಸಿದರು. ಬೇರೆ ಯಾವ ಅಂಗಡಿಯಲ್ಲೂ ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಲೋಳೆ ತಿಳಿಯಾಯಿತು. ಈಗ ಆಕಳು ಗಬ್ಬ.

ಎಲ್ಲದಕ್ಕೂ ಹಾರ್ಮೋನು ಸಾಕು ಅಂತ ನಾನು ಹೇಳುತ್ತಿಲ್ಲ. ಈದ ಹೊಸದರಲ್ಲಿ ಜ್ವರ ಬಂದು, ಮೇವು ಬಿಟ್ಟು, ನಾರುವ ಕೆಂಪು ನೀರು ಹೋಗುತ್ತಿದ್ದರೆ ಆ್ಯಂಟಿಬಯಾಟಿಕ್ ಬೇಕೇ ಬೇಕು. ಅದೂ ತಡ ಮಾಡದೆ, ಡಾಕ್ಟರ್ ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟು ದಿನ. ನನ್ನ ಸಿಟ್ಟು ಇರುವುದು ಸುಮ್ನೆ ಹಾಕುವುದರ ಮೇಲೆ. ಈದ ಮೊದಲ 2 ವಾರ ಹೆಚ್ಚುಕಮ್ಮಿ ಎಲ್ಲ ಆಕಳ ಗರ್ಭಕೋಶದಲ್ಲೂ ಬ್ಯಾಕ್ಟೀರಿಯಾ ಇರುತ್ತವೆ, ಜಾಸ್ತಿ ದನಗಳು ತಾವೇ ಅದನ್ನು ತೊಳೆದುಕೊಳ್ಳುತ್ತವೆ. ಅಂಥದ್ದಕ್ಕೂ ಒಂದು ಗುಳಿಗೆ ಇಟ್ಟು ಬಿಟ್ಟರೆ ಮೆತ್ತನೆಯವು ಸಾಯುತ್ತವೆ, ತಡೆದುಕೊಳ್ಳುವವು ಉಳಿದು ಬೆಳೆಯುತ್ತವೆ. ಇನ್ನೂ ಕೆಟ್ಟದ್ದು ಅಂದರೆ ಆ ತಡೆದುಕೊಳ್ಳುವ ಗುಣವನ್ನು ಒಂದು ಬ್ಯಾಕ್ಟೀರಿಯಾ ಪಕ್ಕದ ಬ್ಯಾಕ್ಟೀರಿಯಾಕ್ಕೆ ದಾಟಿಸಬಲ್ಲದು, ಅದು ಬೇರೆ ಜಾತಿಯದಾದರೂ. ಆ ಕೀವು ಬೀಳುವುದು ಕೊಟ್ಟಿಗೆಯ ನೆಲಕ್ಕೆ, ಅಲ್ಲಿಂದ ನಮ್ಮ ಕೈಗೆ, ಕೆಚ್ಚಲಿಗೆ, ತಿಪ್ಪೆಗೆ, ಹೊಲಕ್ಕೆ. ಟೆಟ್ರಾಸೈಕ್ಲಿನ್, ಸೆಫ್ಟ್ರಿಯಾಕ್ಸೋನ್ ಇವು ಮನುಷ್ಯರಿಗೂ ಹಾಕುವ ಔಷಧಗಳೇ. ನಮ್ಮ ಮಕ್ಕಳಿಗೆ ನಾಳೆ ಅವು ಹತ್ತದೆ ಹೋದರೆ ಏನು ಮಾಡೋದು? 2019ರಲ್ಲಿ ಕೇಂದ್ರ ಸರ್ಕಾರ ಕೊಲಿಸ್ಟಿನ್ ಅನ್ನುವ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಪೂರ್ತಿ ನಿಷೇಧಿಸಿದ್ದು ಇದೇ ಭಯಕ್ಕೆ.

ಹಾಲಿನ ವಿಷಯದಲ್ಲೂ ಈ ಅಂಗಡಿ ಶಿಸ್ತು. ಗರ್ಭಕೋಶಕ್ಕೆ ಬಿಟ್ಟ ಔಷಧ ರಕ್ತಕ್ಕೆ ಹೋಗಿ ಹಾಲಿಗೂ ಬರುತ್ತದೆ, ಕಾಯಿಸಿದರೂ ಸಾಮಾನ್ಯವಾಗಿ ಪೂರ್ತಿ ಹೋಗುವುದಿಲ್ಲ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗದೆ ಇರುವುದೂ ಉಂಟು, ಹೆಪ್ಪಿನ ಬ್ಯಾಕ್ಟೀರಿಯಾಗಳೇ ಸತ್ತಿರುತ್ತವೆ. ಎಷ್ಟು ದಿನ ಹಾಲು ಬಿಡಬೇಕು ಅಂತ ಲೇಬಲ್ ಮೇಲೆ ಇರಬೇಕು, ಪರೀಕ್ಷಿಸಿ ಗೊತ್ತುಮಾಡಿದ ಅವಧಿ ಇಲ್ಲದ ಔಷಧಕ್ಕೆ ಕನಿಷ್ಠ 7 ದಿನ ಅಂತ 2012ರಿಂದ ನಿಯಮ ಇದೆ. ಇವರು ಆ್ಯಂಟಿಬಯಾಟಿಕ್ ಕೊಟ್ಟರೆ ಬಿಲ್ಲಿನ ಮೇಲೆ ಪೆನ್ನಿನಲ್ಲಿ 'ಈ ತಾರೀಕಿನತನಕ ಡೇರಿಗೆ ಹಾಕಬ್ಯಾಡ್ರಿ' ಅಂತ ಬರೆದೇ ಕೊಡುತ್ತಾರೆ.

ಉಳಿದಂತೆ ಔಷಧ, ಲಸಿಕೆಯ ಫ್ರಿಜ್‌ಗೆ ಇನ್ವರ್ಟರ್ ಇದೆ, ನಮ್ಮ ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಉದ್ದನೆಯ ಕೈಗವಸು ಸಿಗುತ್ತದೆ. ಕಸ ಬೀಳದಿದ್ದರೆ ಕೈ ಹಾಕಿ ಎಳೆಯಬೇಡಿ ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿದ್ದಾರೆ, ಪಕ್ಕದಲ್ಲಿ ಎನ್‌ಡಿಡಿಬಿ (ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ) ಹೇಳುವ ಮೂಲಂಗಿ, ಬೆಂಡೆಕಾಯಿ, ಬೆಲ್ಲ, ಉಪ್ಪಿನ ನಾಟಿ ಮದ್ದಿನ ಹಾಳೆ. ಡಾಕ್ಟರ್ ಸಿಗಲಿಲ್ಲ ಅನ್ನುವವರಿಗೆ 1962ಕ್ಕೆ ಫೋನ್ ಮಾಡಿ ಪಶು ಸಂಜೀವಿನಿ ಗಾಡಿ ಕರೆಸಿ ಅನ್ನುತ್ತಾರೆ. ಹಾಗಾಗಿ ವಾಪಸ್ ಕಳಿಸಿದರು ಅನ್ನುವುದು ಅರ್ಧ ಮಾತು, ಎಲ್ಲಿಗೆ ಹೋಗಬೇಕು ಅಂತ ಹೇಳಿಯೇ ಕಳಿಸುತ್ತಾರೆ.

ಒಂದು ಸ್ಟಾರ್ ಕಡಿಮೆ ಮಾಡಿದ್ದಕ್ಕೂ ಕಾರಣ ಇದೆ. ವರದಿ ಪೂರ್ತಿ ಇಂಗ್ಲಿಷಿನಲ್ಲಿ ಬರುತ್ತದೆ, ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕೊಟ್ಟರೆ ನಮ್ಮತ್ತೆಯಂಥವರಿಗೂ ತಿಳಿಯುತ್ತದೆ. ವರದಿ ಬಂದಿದೆ ಅಂತ ಅವರಾಗಿ ಫೋನ್ ಮಾಡಲಿಲ್ಲ, ನಾವೇ ಕೇಳಬೇಕಾಯಿತು. ಮಾಲೀಕರು ಇಲ್ಲದ ಹೊತ್ತಿನಲ್ಲಿ ಕೌಂಟರಿನ ಹುಡುಗನಿಗೆ ಟ್ಯೂಬ್ ಎಲ್ಲಿದೆ ಅಂತಲೂ ಗೊತ್ತಿರಲಿಲ್ಲ.

ಸ್ಯಾಂಪಲ್ ತರುವವರು ಬೆಳಿಗ್ಗೆಯೇ ತನ್ನಿ, ಹೊರಡುವ ಮುಂಚೆ ಫೋನ್ ಮಾಡಿ ಮಾಲೀಕರು ಇದ್ದಾರಾ ಕೇಳಿ. ಶನಿವಾರ ಬೇಡ, ಭಾನುವಾರ ಪ್ರಯೋಗಾಲಯ ಇರುವುದಿಲ್ಲ. ಹಳೆಯ ಚೀಟಿ, ಖಾಲಿ ಬಾಟಲಿ ಏನಿದ್ದರೂ ಜೊತೆಗೆ ತನ್ನಿ, ಇಲ್ಲಿಯವರೆಗೆ ಯಾವ ಔಷಧ ಹಾಕಿದ್ದಾರೆ ಅಂತ ಅವರು ಕೇಳಿಯೇ ಕೇಳುತ್ತಾರೆ.